ಹತ್ತು ನಿಮಿಷದ ಅಡುಗೆಗೆ ಎಷ್ಟು ಹೊತ್ತು ಬೇಕು?

ಹೇಳದೆ ಕೇಳದೆ ಬಂದ ನಾಲ್ಕು ಜನ ನೆಂಟರಿಗೆ ಮುಕ್ಕಾಲು ಗಂಟೆಯಲ್ಲಿ ಎಲೆ ಹಾಕುವುದು ಕುಕ್ಕರು, ಮಿಕ್ಸಿ, ಗ್ಯಾಸು, ಪೊಟ್ಟಣದ ಪುಡಿ ಬಂದ ಮೇಲಷ್ಟೇ ಸಾಧ್ಯವಾಯಿತು ಎಂದು ನಾವು ನಂಬಿಕೊಂಡಿದ್ದೇವೆ. ಅದಕ್ಕೂ ಹಿಂದಿನ ಅಡುಗೆಮನೆ ಎಂದರೆ ಸೌದೆ, ಹೊಗೆ, ಕೋಳಿ ಕೂಗುವ ಮೊದಲು ಶುರುವಾಗಿ ಊರು ಮಲಗಿದ ಮೇಲೂ ಮುಗಿಯದ ಚಾಕರಿ. ಈ ಚಿತ್ರದಲ್ಲಿ ಚಾಕರಿಯ ಮಾತು ಪೂರ್ತಿ ನಿಜ. ಬೇಗ ಆಗುವ ಅಡುಗೆ ಹೊಸದು ಎಂಬ ಮಾತು ಅರ್ಧ ನಿಜ. ಹಳೇ ಮೈಸೂರು ಸೀಮೆಯಲ್ಲಿ ರಾಗಿ ಹುರಿಹಿಟ್ಟಿಗೆ ಬೆಲ್ಲ, ತೆಂಗಿನತುರಿ, ಹಾಲು ಬೆರೆಸಿದರೆ ಫಲಾಹಾರ ಮುಗಿಯಿತು. ಅವಲಕ್ಕಿಗೆ ಗೊಜ್ಜು ಕಲಸಲು ಒಲೆಯೇ ಬೇಡ. ಧಾರವಾಡ ಕಡೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಮುಂದಿಟ್ಟರೆ ಊಟವೇ ಆಯಿತು. ಹಾಗಾದರೆ ಬದಲಾದದ್ದೇನು? ನನ್ನ ವಾದ ಇಷ್ಟು: ಒಲೆಯ ಮುಂದೆ ಉಳಿಯುವ ಹೊತ್ತಿನ ಬಹುಪಾಲು ಯಾವಾಗಲೂ ಬೇರೆ ಯಾರೋ ಬೇರೆಲ್ಲೋ ಮುಂಗಡವಾಗಿ ತೆತ್ತ ಹೊತ್ತು. ಕಳೆದ ನೂರು ವರ್ಷಗಳಲ್ಲಿ ಬದಲಾದದ್ದು ಆ ಮುಂಗಡವನ್ನು ತೆರುವವರು ಯಾರು, ಅದಕ್ಕೆ ಕೂಲಿ ಉಂಟೋ ಇಲ್ಲವೋ ಎಂಬುದು.

ಇದಕ್ಕೆ ಪುರಾವೆಯನ್ನು ಪಾಕಶಾಸ್ತ್ರದ ಗ್ರಂಥಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಕನ್ನಡಕ್ಕೆ ಈ ವಿಷಯದಲ್ಲಿ ಆಸ್ತಿಯೇನೂ ಕಮ್ಮಿಯಿಲ್ಲ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಕೃಷಿ, ಅಂತರ್ಜಲ, ಪಶುವೈದ್ಯದ ಜೊತೆಗೆ ಅಡುಗೆಗೂ ಜಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜಭೋಜನದ ವಿವರಗಳು ಬಾಯಲ್ಲಿ ನೀರೂರಿಸುವಷ್ಟಿವೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಅಡುಗೆಗೆಂದೇ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಬರೆದ. ಆದರೆ ಇವೆಲ್ಲ ಅರಮನೆ, ಸಿರಿವಂತರ ಮನೆಗಳ ಕಡೆಗೆ ಮುಖ ಮಾಡಿ ಬರೆದವು. ಅಲ್ಲಿ ಏನನ್ನು ಬೆರೆಸಬೇಕು, ಹೇಗೆ ಬೇಯಿಸಬೇಕು ಎಂಬುದು ತಿಳಿಯುತ್ತದೆಯೇ ಹೊರತು ಹಿಟ್ಟು ಬೀಸಿದವರು ಯಾರು, ಎಷ್ಟು ಹೊತ್ತು ಬೀಸಿದರು ಎಂಬುದು ತಿಳಿಯುವುದಿಲ್ಲ. ಆಳುಕಾಳಿರುವ ಮನೆಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲವಲ್ಲ. ಉತ್ತರ ಬೇಕಾದರೆ ಬೀಸುವ ಕಲ್ಲು, ಒರಳುಕಲ್ಲು, ಒನಕೆಗಳ ಹತ್ತಿರ ಹೋಗಬೇಕು. ಬೀಸುವ ಪದ, ಕುಟ್ಟುವ ಪದ ಎಂದು ಜನಪದರು ಕಟ್ಟಿಕೊಂಡ ಹಾಡುಗಳ ರಾಶಿಯೇ ಒಂದು ದಾಖಲೆ. ಐದು ನಿಮಿಷದ ಕೆಲಸಕ್ಕೆ ಅಷ್ಟು ಹಾಡು ಬೇಕಾಗುವುದಿಲ್ಲ.

ಬೇಸಿಗೆಯ ಮಾಳಿಗೆ ಇನ್ನೊಂದು ದಾಖಲೆ. ಸಂಡಿಗೆ ಹಾಕುವ ದಿನ ಅಕ್ಕಿಹಿಟ್ಟನ್ನು ಕುದಿಯುವ ನೀರಿಗೆ ಬಿಟ್ಟು, ಗಂಟಾಗದಂತೆ ತೊಳಸಿ, ಉಪ್ಪು, ಅರೆದ ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಸೇರಿಸಿ ಅಂಬಲಿಯಂತೆ ಕಾಯಿಸಬೇಕು. ಬಿಸಿಲು ಏರುವ ಮೊದಲೇ ಹಳೆಯ ಪಂಚೆ ಹಾಸಿ ಚಮಚೆಯಿಂದ ಸಾಲುಸಾಲಾಗಿ ಬಿಡಬೇಕು. ಕಾಗೆ ಕಾಯಲು ಮಕ್ಕಳು ಬೇಕು. ಮೇಲ್ಮೈ ಒಣಗಿದ ಮೇಲೆ ಪಂಚೆಯನ್ನು ಮಗುಚಿ, ಹಿಂಬದಿಗೆ ನೀರು ಚಿಮುಕಿಸಿ, ಒಂದೊಂದನ್ನೇ ಬಿಡಿಸಿ ಮತ್ತೆ ಬಿಸಿಲಿಗೆ ಹರಡಬೇಕು. ನೀರು ಹೆಚ್ಚಾದರೆ ಸಂಡಿಗೆ ಕರಗುತ್ತದೆ, ಕಡಿಮೆಯಾದರೆ ಹರಿಯುತ್ತದೆ. ಡಬ್ಬಕ್ಕೆ ತುಂಬುವ ಹೊತ್ತಿಗೆ ನಾಲ್ಕಾರು ದಿನ ಕಳೆದಿರುತ್ತದೆ. ಮುಂದೆ ಮಳೆಗಾಲದ ಒಂದು ರಾತ್ರಿ ಅದು ಕಾದ ಎಣ್ಣೆಯಲ್ಲಿ ಅರಳಲು ಕೆಲವು ಕ್ಷಣ ಸಾಕು. ಹುಳಿಪುಡಿಯದೂ ಇದೇ ಕಥೆ. ಕಡಲೆಬೇಳೆ, ಉದ್ದಿನಬೇಳೆ, ಮೆಂತ್ಯ, ಧನಿಯಾ, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎಲ್ಲವನ್ನೂ ಬೇರೆಬೇರೆಯಾಗಿಯೇ ಹುರಿಯಬೇಕು, ಏಕೆಂದರೆ ಬೇಳೆ ಕೆಂಪಾಗುವಷ್ಟರಲ್ಲಿ ಧನಿಯಾ ಸೀದಿರುತ್ತದೆ. ಅಷ್ಟಾದ ಮೇಲೆ ತಿಂಗಳುಗಟ್ಟಲೆ ದಿನಾ ಎರಡು ಚಮಚ. ದಕ್ಷಿಣ ಕನ್ನಡದ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಲೆನಾಡಿನ ಅಪ್ಪೆಮಿಡಿ, ಕರಾವಳಿಯ ಒಣಮೀನು, ಅಯ್ಯಂಗಾರರ ಮನೆಯ ಪುಳಿಯೋಗರೆ ಗೊಜ್ಜು, ಇವೆಲ್ಲ ಇದೇ ಲೆಕ್ಕಕ್ಕೆ ಸೇರುತ್ತವೆ.

ಉತ್ತರ ಕರ್ನಾಟಕದಲ್ಲಿ ಈ ಲೆಕ್ಕ ಇನ್ನೂ ದೊಡ್ಡ ಪ್ರಮಾಣದ್ದು. ಮೆತ್ತಗಿನ ಜೋಳದ ರೊಟ್ಟಿ ಆಗಿಂದಾಗಲೇ ಬಡಿದು ಉಣ್ಣುವಂಥದು. ಅದನ್ನೇ ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿದರೆ ತಿಂಗಳಾದರೂ ಕೆಡದ ಕಟಕ್ ರೊಟ್ಟಿ. ಹಿಂದೆ ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವವರ ಬುತ್ತಿಯಲ್ಲಿ ಇದು ಇರಲೇಬೇಕಿತ್ತು. ಜೊತೆಗೆ ಅಗಸಿ, ಗುರೆಳ್ಳು, ಶೇಂಗಾ ಚಟ್ನಿಪುಡಿ. ನಾಗರಪಂಚಮಿಯ ಆಸುಪಾಸಿನ ರೊಟ್ಟಿ ಹಬ್ಬದಲ್ಲಿ ಬಗೆಬಗೆಯ ರೊಟ್ಟಿ ಮಾಡಿ ಓಣಿಯ ಮನೆಮನೆಗೆ ಹಂಚುವುದುಂಟು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕಂತೂ ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ವಾರಗಟ್ಟಲೆ ರೊಟ್ಟಿ ಬಡಿದು, ಟ್ರ್ಯಾಕ್ಟರುಗಳಲ್ಲಿ ಹೇರಿ ಕಳಿಸುತ್ತಾರೆ. ಅಷ್ಟು ಜನರಿಗೆ ಅಂದಂದೇ ರೊಟ್ಟಿ ಬಡಿದು ಹಾಕುವುದು ಆಗುಹೋಗುವ ಮಾತಲ್ಲ. ಆ ಜಾತ್ರೆಯ ಊಟ ನಡೆಯುವುದೇ ಮೊದಲೇ ಮಾಡಿಟ್ಟ ರೊಟ್ಟಿಯ ಮೇಲೆ. ಮಂಗಳೂರಿನ ಕೋರಿ ರೊಟ್ಟಿಯನ್ನೂ ಇಲ್ಲಿ ನೆನೆಯಬಹುದು. ಗರಿಗರಿ ಅಕ್ಕಿ ರೊಟ್ಟಿ ಅಂಗಡಿಯಿಂದ ಬರುತ್ತದೆ, ಮನೆಯವರು ಕೋಳಿ ಸಾರು ಮಾಡಿದರೆ ಸಾಕು, ಇಪ್ಪತ್ತು ಜನರ ಊಟಕ್ಕೂ ಅಡ್ಡಿಯಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಯಾವ ಮುಂಗಡವೂ ಇಲ್ಲದೆ ನಿಜಕ್ಕೂ ಬೇಗ ಆಗುವ ಹಳೆಯ ಅಡುಗೆಗಳಿಲ್ಲವೇ, ಹವ್ಯಕರ ತಂಬುಳಿಯೇ ಇದೆಯಲ್ಲ ಎಂದು. ಹಿತ್ತಲಿನ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಕೊಯ್ದು, ಕಾಯಿ, ಜೀರಿಗೆ, ಕಾಳುಮೆಣಸಿನ ಜೊತೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ ತಯಾರು. ಒಪ್ಪುತ್ತೇನೆ. ಆದರೆ ತಂಬುಳಿಗೆ ಹಿತ್ತಲು ಬೇಕು, ತೆಂಗಿನಮರ ಬೇಕು, ಕರಾವು ಇರಬೇಕು, ಮಜ್ಜಿಗೆ ಕಡೆದಿರಬೇಕು. ಪೇಟೆಯ ಬಾಡಿಗೆ ಮನೆಯಲ್ಲಿ ಅದೇ ತಂಬುಳಿಗೆ ಎರಡು ಅಂಗಡಿ ಸುತ್ತಬೇಕಾಗುತ್ತದೆ.

ಬೇಗದ ಅಡುಗೆಯ ಚರಿತ್ರೆ ಹೇಳುವವರು ಕುಕ್ಕರಿನಿಂದ ಶುರುಮಾಡುವುದು ರೂಢಿ. ನಾನಾದರೆ ಹಿಟ್ಟಿನ ಗಿರಣಿಯಿಂದ ಶುರುಮಾಡುತ್ತೇನೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿಗೆ ದೀಪವಾಗಿ ಬಂತು. ಹಳ್ಳಿಗಳಿಗೆ ತಲುಪಲು ಅದಕ್ಕೆ ಇನ್ನೂ ದಶಕಗಳು ಹಿಡಿದವು, ಅಲ್ಲಿಯವರೆಗೆ ಎಣ್ಣೆ ಎಂಜಿನ್ನಿನ ಗಿರಣಿಗಳ ಸದ್ದು. ರಾಗಿ, ಜೋಳ ಉಣ್ಣುವ ಮನೆಯ ಹೆಂಗಸಿನ ಬೆಳಗಿನ ಜಾವವನ್ನು ಬಿಡಿಸಿಕೊಟ್ಟದ್ದು ಈ ಗಿರಣಿ. ಮುದ್ದೆ ತೊಳಸಲು ಅರ್ಧ ಗಂಟೆ ಸಾಕು; ಅದಕ್ಕೆ ಬೇಕಾದ ಹಿಟ್ಟೇ ದೊಡ್ಡ ಕೆಲಸವಾಗಿತ್ತು. ಆದರೂ ಗಿರಣಿಗೆ ಯಾವ ಜಾಹೀರಾತೂ ಇರಲಿಲ್ಲ, ಅದು ಮದುವೆಯ ಉಡುಗೊರೆಯಾಗಿ ಬರಲಿಲ್ಲ. ಹಾಗಾಗಿ ಚರಿತ್ರೆಯಿಂದ ಜಾರಿಹೋಯಿತು.

ಗಿರಣಿಯಲ್ಲಿ ಗೋಧಿ ಒಡೆದು ಬಂದ ರವೆ ಮನೆಗಳ ಅತಿಥಿಸತ್ಕಾರವನ್ನೇ ಬದಲಿಸಿತು. ಹೆಣ್ಣು ನೋಡುವ ಶಾಸ್ತ್ರಕ್ಕೆ ಉಪ್ಪಿಟ್ಟು, ಕೇಸರಿಬಾತು ಗಂಟುಬಿದ್ದದ್ದು ಸುಮ್ಮನೆ ಅಲ್ಲ. ಎರಡಕ್ಕೂ ಒಂದೇ ಸಾಮಾನು, ರುಬ್ಬುವುದಿಲ್ಲ, ನೆನೆಸುವುದಿಲ್ಲ, ಹತ್ತು ಜನ ಹೆಚ್ಚು ಬಂದರೂ ಅಂಜಿಕೆಯಿಲ್ಲ. ರವೆ ಇಡ್ಲಿಯೂ ಇದೇ ಗುಣದ ಮೇಲೆ ನಿಂತಿದೆ. 1924ರಲ್ಲಿ ಪರಂಪಳ್ಳಿ ಯಜ್ಞನಾರಾಯಣ ಮಯ್ಯ ಮತ್ತು ಸೋದರರು ಆರಂಭಿಸಿದ ಹೋಟೆಲು ಮುಂದೆ ಎಂ.ಟಿ.ಆರ್. ಆಯಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಸೇರಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿದೆವು ಎಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. ಮೊಸರಿನ ಹುಳಿ, ಅಡುಗೆ ಸೋಡಾ ಸೇರಿ ಗಾಳಿ ಎಬ್ಬಿಸುವುದರಿಂದ ಹಿಟ್ಟು ರಾತ್ರಿಯಿಡೀ ಹುದುಗಬೇಕಾಗಿಲ್ಲ. ಒಣ ಪುಡಿಯಾಗಿ ಪೊಟ್ಟಣಕ್ಕೆ ತುಂಬಲು ಇದಕ್ಕಿಂತ ಒಳ್ಳೆಯ ತಿಂಡಿ ಬೇರೆ ಇರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲು ತಿಂಡಿಗೆ ಬೆಲೆ ಕಟ್ಟಿದಾಗ ನಷ್ಟ ತಾಳದೆ ಹೋಟೆಲು ಬಾಗಿಲು ಹಾಕಿ, ಪುಡಿ ಮತ್ತು ಮಿಕ್ಸ್‌ಗಳ ಕಡೆ ಹೊರಳಿತು. ಆ ವೇಳೆಗೆ, 1963ರಲ್ಲಿ ಶುರುವಾದ ಗಿಟ್ಸ್ ಮುಂಬಯಿ ಕಡೆ ಈ ದಾರಿ ತುಳಿದಾಗಿತ್ತು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಬಾಗಿಲು ತೆರೆದ ಸಿ.ಎಫ್.ಟಿ.ಆರ್.ಐ. ಆಹಾರ ಕೆಡದಂತೆ ಇಡುವ ವಿದ್ಯೆಗೆ ಪ್ರಯೋಗಶಾಲೆ ಒದಗಿಸಿತ್ತು. ಬೇಸಿಗೆಯ ಮಾಳಿಗೆಯ ಕೆಲಸ ಹೀಗೆ ಕಾರ್ಖಾನೆಗೆ ಹೋಯಿತು.

ಇಲ್ಲಿಯೇ ಗಟ್ಟಿಯಾದ ಆಕ್ಷೇಪವೊಂದಿದೆ. ಎಲ್ಲವೂ ಬರೀ ಜಾಗ ಬದಲಿಸಿದ ಶ್ರಮ ಎನ್ನುವುದಾದರೆ ಯಂತ್ರಗಳು ಏನನ್ನೂ ಉಳಿಸಲಿಲ್ಲವೇ? ಖಂಡಿತ ಉಳಿಸಿವೆ. 1959ರ ಹೊತ್ತಿಗೆ ಭಾರತದಲ್ಲೇ ತಯಾರಾಗತೊಡಗಿದ ಪ್ರೆಶರ್ ಕುಕ್ಕರಿನೊಳಗೆ ನೀರು 100 ಡಿಗ್ರಿಗೆ ನಿಲ್ಲದೆ ಸುಮಾರು 120ರವರೆಗೆ ಕಾಯುತ್ತದೆ. ತೊಗರಿಬೇಳೆ ಗಂಟೆಗಟ್ಟಲೆ ಬೇಯುವುದು ತಪ್ಪಿತು, ಬೇಳೆ, ಅನ್ನ, ತರಕಾರಿ ಒಂದರ ಮೇಲೊಂದು ಕೂತು ಒಂದೇ ಉರಿಯಲ್ಲಿ ಬೆಂದವು. ಕೊಯಮತ್ತೂರಿನಿಂದ ಗ್ರೈಂಡರು ಬಂತು, ಅರವತ್ತರ ದಶಕದಲ್ಲಿ ಸುಮೀತ್ ಮಿಕ್ಸಿ ಬಂತು. ಸೀಮೆಎಣ್ಣೆ ಸ್ಟೌ ಹೋಗಿ, ವರ್ಷಗಟ್ಟಲೆ ಕಾದ ಮೇಲೆ ಗ್ಯಾಸಿನ ಕನೆಕ್ಷನ್ ಬಂತು. ಇದೆಲ್ಲ ನಿಜವಾದ ಉಳಿತಾಯ, ಅದನ್ನು ಕಡಿಮೆ ಮಾಡಿ ಹೇಳುವುದು ಹೊಗೆ ಕುಡಿದವರಿಗೆ ಮಾಡುವ ಅನ್ಯಾಯ. ಆದರೆ ಉಳಿದ ಹೊತ್ತು ಎಲ್ಲಿ ಹೋಯಿತು ಎಂದು ನೋಡಿದರೆ ಬಹಳಷ್ಟು ಅಡುಗೆಮನೆಯಲ್ಲೇ ಕರಗಿದೆ. ಕೈಯಲ್ಲಿ ರುಬ್ಬುತ್ತಿದ್ದಾಗ ಅನೇಕ ಮನೆಗಳಲ್ಲಿ ಇಡ್ಲಿ, ದೋಸೆ ಹಬ್ಬಕ್ಕೋ ನೆಂಟರಿಗೋ ಮೀಸಲು; ಬೆಳಿಗ್ಗೆಗೆ ತಂಗಳನ್ನ, ರಾತ್ರಿಯ ಮುದ್ದೆ, ಗಂಜಿ ನಡೆಯುತ್ತಿತ್ತು. ಗ್ರೈಂಡರು ಬಂದ ಮೇಲೆ ದಿನಾ ಬಿಸಿ ತಿಂಡಿ, ಡಬ್ಬಿಗೆ ಬೇರೆ, ಸಂಜೆಗೆ ಇನ್ನೊಂದು. ಮಗುವಿನ ಹುಟ್ಟುಹಬ್ಬಕ್ಕೆ ಪಾಯಸ ಸಾಕಾಗುತ್ತಿದ್ದ ಕಡೆ ಕೇಕು, ಪಲಾವು, ಗೋಬಿ ಮಂಚೂರಿಯವರೆಗೆ ಪಟ್ಟಿ ಬೆಳೆಯಿತು. ಯಂತ್ರ ಕೆಲಸ ಇಳಿಸಿದಷ್ಟೂ ಮನೆಯವರ ನಿರೀಕ್ಷೆ ಏರಿತು. ಅದನ್ನು ಪೂರೈಸುವ ಹೊಣೆ ಮಾತ್ರ ಮೊದಲಿದ್ದವರ ಹೆಗಲಿನಿಂದ ಕದಲಲಿಲ್ಲ.

ಯಂತ್ರಗಳ ಒಲವು ಎಲ್ಲ ಊಟಗಳ ಮೇಲೂ ಸಮಾನವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಕುಕ್ಕರು ಅನ್ನದ ಗೆಳೆಯ. ರೊಟ್ಟಿ ಬಡಿಯಲು, ಮುದ್ದೆ ತೊಳಸಲು ಅದರಿಂದ ಏನೂ ಪ್ರಯೋಜನವಿಲ್ಲ. ಅಲ್ಲಿ ರಟ್ಟೆಯೇ ಯಂತ್ರ. ಪಡಿತರದಲ್ಲಿ ಅಕ್ಕಿ ಅಗ್ಗವಾಗಿ ಸಿಕ್ಕಿದ್ದರಿಂದ ಜೋಳ, ರಾಗಿಯ ಮನೆಗಳು ಅನ್ನಕ್ಕೆ ತಿರುಗಿದವು ಎನ್ನುವುದು ಸರಿಯೇ, ಆದರೆ ಮೂರು ಸೀಟಿ ಕೂಗಿಸಿದರೆ ಊಟ ಎಂಬ ಅನುಕೂಲಕ್ಕೂ ಅದರಲ್ಲಿ ಪಾಲಿದೆ. ಇನ್ನು ಹಳ್ಳಿಯ ಬಡಮನೆಯ ಮಟ್ಟಿಗೆ ಹೇಳುವುದಾದರೆ, ಅಡುಗೆಯ ದೊಡ್ಡ ಮುಂಗಡ ಸೌದೆ ಹೊರುವುದೇ ಆಗಿತ್ತು. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಇದನ್ನು ಅಳೆದು ನೋಡಿ ಅಸ್ತ್ರ ಒಲೆಯನ್ನು ರೂಪಿಸಿತು. ಹೊಗೆಯನ್ನು ಕೊಳವೆಯಲ್ಲಿ ಹೊರಹಾಕಿ ಸೌದೆ ಉಳಿಸುವ ಆ ಒಲೆಯನ್ನು ವಿಜ್ಞಾನಿಗಳು ಹಳ್ಳಿಯ ಹೆಂಗಸಿನ ಹೊತ್ತನ್ನು ಲೆಕ್ಕಕ್ಕೆ ಹಿಡಿದ ಅಪರೂಪದ ಪ್ರಸಂಗ ಎನ್ನಬಹುದು.

ಪೊಟ್ಟಣದ ಅಡುಗೆಯಿಂದ ರುಚಿ ಹೋಯಿತು, ಹೆಂಗಸರು ಸೋಮಾರಿಗಳಾದರು, ಮನೆಯ ಕೈಗುಣ ಅಳಿಯಿತು ಎನ್ನುವವರಿದ್ದಾರೆ. ರುಚಿಯ ಮಾತಿನಲ್ಲಿ ಹುರುಳಿದೆ. ಒಂದೇ ಕಾರ್ಖಾನೆಯ ಪುಡಿಯಲ್ಲಿ ಹಾಸನದ ಸಾರಿಗೂ ಉಡುಪಿಯ ಸಾರಿಗೂ ವ್ಯತ್ಯಾಸ ಉಳಿಯುವುದಿಲ್ಲ. ವಿದೇಶಕ್ಕೆ ಹೋಗುವ ಮಕ್ಕಳ ಸೂಟ್‌ಕೇಸಿನಲ್ಲಿ ಇಂದಿಗೂ ಮನೆಯ ಹುಳಿಪುಡಿಗೆ ಜಾಗ ಮಾಡುವುದು ಅದಕ್ಕೇ. ಆದರೆ ಆ ಕೈಗುಣವನ್ನು ಹಾಡಿ ಹೊಗಳುವಾಗ ಅದು ಯಾರ ಕೈ ಎಂದೂ ಕೇಳಬೇಕಾಗುತ್ತದೆ. ಮೇಲ್ಜಾತಿಯ ಎಷ್ಟೋ ಮನೆಗಳಲ್ಲಿ ಹಪ್ಪಳ, ಸಂಡಿಗೆ, ಪುಡಿಗಳ ಮುಂಗಡ ತೆತ್ತವರು ಚಿಕ್ಕವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣತಮ್ಮಂದಿರ ಮನೆ ಸೇರಿದ ಹೆಂಗಸರು. ಅವರಿಗೆ ಎರಡು ಹೊತ್ತಿನ ಊಟ ಸಿಗುತ್ತಿತ್ತು, ಅದೂ ಕೆಲವೊಮ್ಮೆ ಒಂದೇ ಹೊತ್ತು. ಅದೇ ವಿದ್ಯೆಗೆ ದುಡ್ಡು ಬರುವಂತೆ ಮಾಡಿದ್ದು ಪೇಟೆ. 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಲಿಜ್ಜತ್ ಹಪ್ಪಳ ಶುರುಮಾಡಿದ್ದು ಎಲ್ಲರಿಗೂ ಗೊತ್ತು. ನಮ್ಮಲ್ಲಿಯೇ ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆ ಸ್ವಸಹಾಯ ಸಂಘಗಳ ಹೆಂಗಸರು ಕಟಕ್ ರೊಟ್ಟಿ ಬಡಿದು ಬೆಂಗಳೂರಿಗೆ ಕಳಿಸುತ್ತಾರೆ.

ಈಗ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ದೋಸೆ ಹಿಟ್ಟಿನ ಪೊಟ್ಟಣ ಸಿಗುತ್ತದೆ, ಹೋಳಿಗೆ ಮನೆಗಳು ಸಿಗುತ್ತವೆ. ಯುಗಾದಿಯ ಮುನ್ನಾದಿನ ಆ ಅಂಗಡಿಗಳ ಮುಂದೆ ಸಾಲು ನಿಲ್ಲುವುದನ್ನು ಕಂಡು ಸಂಪ್ರದಾಯ ಮುಳುಗಿತು ಎಂದು ಮರುಗುವವರ ಜೊತೆ ನನಗೆ ಸಹಮತವಿಲ್ಲ. ಹೂರಣ ರುಬ್ಬಿ, ಕಣಕ ನಾದಿ, ಕಾವಲಿಯ ಮುಂದೆ ನಿಲ್ಲುವ ಕೆಲಸ ಅಲ್ಲೂ ಇದ್ದೇ ಇದೆ, ಮಾಡುವವರೂ ಹೆಚ್ಚಾಗಿ ಹೆಂಗಸರೇ. ಕೇಳಬೇಕಾದದ್ದು ಅವರಿಗೆ ಹಬ್ಬದ ವಾರ ದಿನಕ್ಕೆ ಎಷ್ಟು ತಾಸಿನ ಕೆಲಸ, ಹೆಚ್ಚಿನ ತಾಸಿಗೆ ಹೆಚ್ಚಿನ ಕೂಲಿ ಉಂಟೇ, ಯುಗಾದಿಯ ದಿನ ಅವರಿಗೂ ರಜೆ ಸಿಗುತ್ತದೆಯೇ ಎಂದು.