ಮರದ ಪೆಟ್ಟಿಗೆ, ಕಬ್ಬಿಣದ ಕಾವಲು

ಸ್ಪೇನ್ ದೇಶದ ಹಳೆಯ ಪೆಟ್ಟಿಗೆಗಳಿಗೂ ನಮ್ಮ ಬಳ್ಳಾರಿ ಸೀಮೆಗೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಅವು ಅಲ್ಲಿಂದ ಇಲ್ಲಿಗೆ ಬಂದುವೆಂದು ನಾವು ಹೇಳುವುದಿಲ್ಲ. ಆದರೆ ಗಳಿಸಿದುದನ್ನು ಕಾಯುವ ಚಿಂತೆ ಎರಡು ಕಡೆಗೂ ಒಂದೇ; ಬಡಗಿಯೂ ಕಮ್ಮಾರನೂ ಕೂಡಿ ಆ ಚಿಂತೆಗೆ ಹೇಳಿದ ಉತ್ತರವೇ ಪೆಟ್ಟಿಗೆ.

16 ಮತ್ತು 17ನೆಯ ಶತಮಾನಗಳ ಸ್ಪೇನಿನಲ್ಲಿ ಅಕ್ರೋಟು ಮರದ ಒಂದು ಬಗೆಯ ಬರವಣಿಗೆಯ ಪೆಟ್ಟಿಗೆ ಬಹಳ ಪ್ರಸಿದ್ಧವಾಗಿದ್ದಿತು. ಅದರ ಮುಂದಿನ ಹಲಗೆ ಕೆಳಕ್ಕೆ ಇಳಿದು ಮೇಜಾಗುವುದು. ಒಳಗೆ ಸಣ್ಣ ಸಣ್ಣ ಖಾನೆಗಳು. ಹೊರಮೈಗೆ ಕೆಂಪು ಮಖಮಲ್ಲು, ಅದರ ಮೇಲೆ ಜಾಲಂದ್ರದಂತೆ ಕೊರೆದು ಚಿನ್ನದ ಮುಲಾಮು ಕೊಟ್ಟ ಕಬ್ಬಿಣದ ತಗಡು. ನೋಡುವವರಿಗೆ ಇದು ಬರಿಯ ಅಲಂಕಾರ. ಆದರೆ ಮರವು ಬೇಸಗೆಯಲ್ಲಿ ಕುಗ್ಗುವುದು, ತೇವದಲ್ಲಿ ಹಿಗ್ಗುವುದು. ಮೂಲೆಗಳು ಬಿಡದಂತೆ ಪಟ್ಟಿ ಹಿಡಿಯಬೇಕು. ಬೀಗದ ಸುತ್ತಣ ಮರವನ್ನು ಕಳ್ಳನು ಉಳಿಯಿಂದ ಕಿತ್ತರೆ ಬೀಗವಿದ್ದು ಫಲವೇನು? ಆದುದರಿಂದ ಅಲ್ಲಿ ಅಗಲವಾದ ತಗಡು ಬೇಕು. ಕಾವಲಿಗೆಂದು ಬಡಿದ ತಗಡಿನಲ್ಲಿಯೇ ಕಮ್ಮಾರನು ತನ್ನ ಕುಶಲತೆಯನ್ನೂ ತೋರಿದನು.

ಅಮೆರಿಕದ ವ್ಯಾಪಾರಕ್ಕಾಗಿ 1503ರಲ್ಲಿ ಸೆವಿಲ್ ನಗರದಲ್ಲಿ ಸ್ಥಾಪಿತವಾದ ರಾಜಕಚೇರಿಯಲ್ಲಿ ಹೊನ್ನನ್ನು ಮೂರು ಬೀಗಗಳ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಮೂರು ಬೀಗದ ಕೈಗಳು ಮೂವರು ಅಧಿಕಾರಿಗಳ ವಶ. ಮೂವರೂ ಕೂಡದೆ ಪೆಟ್ಟಿಗೆ ತೆರೆಯದು. ಕಬ್ಬಿಣವು ಕಳ್ಳನನ್ನು ತಡೆಯಿತು. ಮೂರು ಬೀಗಗಳು ಕಾವಲುಗಾರರನ್ನೇ ತಡೆದವು.

ನಮ್ಮ ಸೀಮೆಗೂ ಈ ವಿವೇಕ ಹೊಸದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಪ್ರತಿಯೊಬ್ಬ ಅರಸನ ಭಂಡಾರವನ್ನೂ ಅವನ ಮರಣಾನಂತರ ಬೀಗಮುದ್ರೆ ಹಾಕಿ ಮುಚ್ಚುತ್ತಿದ್ದರೆಂದೂ, ಮಹಾ ಸಂಕಟ ಒದಗಿದ ಹೊರತು ಮುಂದಿನವರು ಅದನ್ನು ತೆರೆಯುತ್ತಿರಲಿಲ್ಲವೆಂದೂ ಬರೆದಿದ್ದಾನೆ. 1565ರ ಸೋಲಿನ ಬಳಿಕ ರಾಜಧಾನಿಯೇ ಬರಿದಾದಾಗ ಆ ಮುದ್ರೆಗಳಿಗೆ ಅರ್ಥವುಳಿಯಲಿಲ್ಲ. 1800ರಲ್ಲಿ ಬಳ್ಳಾರಿಯು ನಿಜಾಮನಿಂದ ಇಂಗ್ಲಿಷ್ ಕಂಪನಿಗೆ ಸೇರಿತು. ಬ್ರಿಟಿಷ್ ಆಡಳಿತದ ಜಿಲ್ಲಾ ಖಜಾನೆಗಳಲ್ಲಿಯೂ ಎರಡು ಬೀಗ, ಇಬ್ಬರು ಹೊಣೆಗಾರರು ಎಂಬುದೇ ನಿಯಮವಾಯಿತು.

ಇನ್ನು ಪ್ರಜೆಗಳ ಮನೆಯ ಮಾತು. ಸಿರುಗುಪ್ಪದಲ್ಲಿ ವಿಜಯನಗರದ ಕಾಲದ ಕಾಲುವೆಯ ನೀರಿಗೆ ಬತ್ತ; 12ನೆಯ ಶತಮಾನದಲ್ಲಿ ಸಿಂದರು ಆಳಿದ ಕುರುಗೋಡಿನ ಸುತ್ತಣ ಎರೆಭೂಮಿಯಲ್ಲಿ ಜೋಳ, ಹತ್ತಿ. ಹಿಂದೆ ಬತ್ತಕ್ಕೆ ಕಣಜವಿದ್ದಿತು, ಜೋಳಕ್ಕೆ ಹಗೇವಿದ್ದಿತು. ಆದರೆ ಭೂಮಿಯ ಕಾಗದ, ಸಾಲದ ಪತ್ರ, ಹೆಣ್ಣುಮಕ್ಕಳ ಒಡವೆ ಇವುಗಳಿಗೆ ಪಟ್ಟಿ ಬಡಿದ, ಬೀಗವುಳ್ಳ ಪೆಟ್ಟಿಗೆಯೇ ಗತಿಯಾಗಿದ್ದಿತು.

ಕಬ್ಬಿಣಕ್ಕಾಗಿ ಈ ನಾಡು ದೂರ ಹೋಗಬೇಕಾಗಿರಲಿಲ್ಲ. ಸಂಡೂರಿನ ಬೆಟ್ಟಗಳ ಅದಿರನ್ನು ಭೂಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟನು 1895ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅದಕ್ಕೂ ಬಹಳ ಹಿಂದಿನಿಂದಲೇ ಇಲ್ಲಿನವರು ಇದ್ದಿಲು ಸುರಿದು, ತಿದಿಯೊತ್ತಿ, ಅದಿರನ್ನು ಕರಗಿಸುತ್ತಿದ್ದರು. 19ನೆಯ ಶತಮಾನದಲ್ಲಿ ಹಡಗಿನಲ್ಲಿ ಅಗ್ಗದ ಕಬ್ಬಿಣ ಬಂದಿತು. ಕಾಡು ಕರಗಿ ಇದ್ದಿಲು ದುಬಾರಿಯಾಯಿತು. ಕುಲುಮೆಗಳು ಒಂದೊಂದಾಗಿ ಆರಿದವು.

ಈ ಕಥೆಗೆ ಪೆಟ್ಟಿಗೆಯೇ ಸಾಕ್ಷಿ. ಸುತ್ತಿಗೆಯಿಂದ ಬಡಿದ ಪಟ್ಟಿಯ ದಪ್ಪ ಒಂದೇ ಸಮನಿರುವುದಿಲ್ಲ, ಮೊಳೆಯ ತಲೆಗಳೂ ಒಂದರಂತೆ ಒಂದಿಲ್ಲ. ಯಂತ್ರದಿಂದ ಬಂದ ಪಟ್ಟಿಯಾದರೋ ಅಂಚಿನಿಂದ ಅಂಚಿಗೆ ಸಮ. ಹಳೆಯ ಮನೆಯನ್ನು ಕೆಡವುವಾಗ ಮರವನ್ನು ಒಬ್ಬನಿಗೆ, ಪಟ್ಟಿ ಚಿಲಕಗಳನ್ನು ತೂಕಕ್ಕೆ ಮತ್ತೊಬ್ಬನಿಗೆ ಮಾರಿದರೆ ಈ ಸಾಕ್ಷ್ಯವು ಶಾಶ್ವತವಾಗಿ ಅಳಿಯುವುದು. ಶಾಸನವನ್ನು ಒಡೆಯಲು ಹಿಂಜರಿಯುವ ನಾವು ಪೆಟ್ಟಿಗೆಯನ್ನು ಒಡೆಯಲು ಹಿಂಜರಿಯುವುದಿಲ್ಲ. ಅರಸರ ಹೆಸರನ್ನು ಕಲ್ಲು ಉಳಿಸಿತು. ಹೆಸರಿಲ್ಲದ ಕಮ್ಮಾರನ ಕೈಯ ಗುರುತು ಈ ಪಟ್ಟಿಗಳಲ್ಲಿ ಮಾತ್ರ ಉಳಿದಿದೆ. ಮರ, ಕಬ್ಬಿಣ, ಬೀಗ, ಒಳಗಿನ ಕಾಗದ ಇವು ನಾಲ್ಕೂ ಒಟ್ಟಿಗಿದ್ದರೆ ಮಾತ್ರ ಅದು ಚರಿತ್ರೆ. ಬೇರೆಯಾದರೆ ಬರಿಯ ಸೌದೆ ಮತ್ತು ಗುಜರಿ.