ಸೊನ್ನೆಯನ್ನು ಎಲ್ಲಿ ನಿಂತು ಹಿಡಿದರು?

ಸಂತೆಯ ತಕ್ಕಡಿಗೆ ಸರ್ಕಾರದ ಮೊಹರು ಬೇಕು. ತೂಕದಲ್ಲಿ ಒಂದು ಹಿಡಿ ಕಾಳು ಕಡಿಮೆಯಾದರೆ ಜಗಳವೇ ಆಗಿಬಿಡುತ್ತದೆ. ಆದರೆ ನಮ್ಮವರು ಇಳಿಯುವ ಮ್ಯಾನ್‌ಹೋಲಿನ ಗಾಳಿ ಅಳೆಯೋ ಯಂತ್ರವನ್ನು ಯಾರು, ಯಾವತ್ತು ತಾಳೆ ನೋಡಿದರು ಅಂತ ಕೇಳೋರು ಯಾರು? ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ.

1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲು ಗಣಿ ಸಿಡಿದು 92 ಜನ ಸತ್ತರು. ಅವರಲ್ಲಿ ಹುಡುಗರೂ ಇದ್ದರು. 1815ರಲ್ಲಿ ಹಂಫ್ರಿ ಡೇವಿ ಉರಿಯ ಸುತ್ತ ತಂತಿಯ ಜಾಲರಿ ಹೊದಿಸಿ ದೀಪ ಮಾಡಿದ. ಮಿಥೇನ್ ಇದ್ದ ಕಡೆ ಸಣ್ಣ ಮಾಡಿದ ಉರಿಯ ನೆತ್ತಿಯ ಮೇಲೆ ನೀಲಿ ಟೋಪಿ ಕಾಣುತ್ತಿತ್ತು. ಟೋಪಿ ಎತ್ತರವಾದಷ್ಟೂ ಅನಿಲ ಹೆಚ್ಚು. ಅಳತೆಗೋಲು ಕೂಲಿಯವನ ಕಣ್ಣೇ. ದೀಪ ಬಂತಲ್ಲ ಅಂತ ಧಣಿಗಳು ಅಪಾಯವೆಂದು ಬಿಟ್ಟಿದ್ದ ಪದರಗಳಿಗೂ ಆಳುಗಳನ್ನು ಇಳಿಸಿದರು.

1890ರ ದಶಕದಲ್ಲಿ ಜೆ. ಎಸ್. ಹಾಲ್ಡೇನ್, ಸ್ಫೋಟದ ಗಣಿಗಳಲ್ಲಿ ಬಹಳ ಮಂದಿ ಸಾಯುವುದು ಬೆಂಕಿಯಿಂದಲ್ಲ, ಕಾರ್ಬನ್ ಮಾನಾಕ್ಸೈಡಿನಿಂದ ಎಂದು ತೋರಿಸಿದ. ಮನುಷ್ಯನಿಗಿಂತ ಮೊದಲು ಕುಸಿಯುವ ಸಣ್ಣ ಜೀವವನ್ನು ಜೊತೆಗೆ ಒಯ್ಯಿರಿ ಎಂದ. ಕ್ಯಾನರಿ ಹಕ್ಕಿ ಗಣಿಗಿಳಿಯಿತು. 1986ರಲ್ಲಿ ಬ್ರಿಟನ್ ಆ ಹಕ್ಕಿಗೂ ಬಿಡುಗಡೆ ಘೋಷಿಸಿ, ಕೈಯಲ್ಲಿ ಹಿಡಿಯುವ ಯಂತ್ರ ತಂದಿತು. ನಮ್ಮ ದೇಶದ ಒಳಚರಂಡಿಗಳಲ್ಲಿ ಆಗಲೂ, ಆಮೇಲೂ, ಹಕ್ಕಿಯ ಜಾಗದಲ್ಲಿ ಮನುಷ್ಯನೇ ಇದ್ದ. ಆ ಮನುಷ್ಯನಿಗೆ ಒಂದು ಜಾತಿಯೂ ಇತ್ತು.

ಮೂಗು ಸಾಲದೇ ಅನ್ನುವವರಿದ್ದಾರೆ. ಸಾಲದು. ಹೈಡ್ರೋಜನ್ ಸಲ್ಫೈಡ್ ಮೊದಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 100 ಪಾಲು ಮುಟ್ಟಿದರೆ ನಿಮಿಷಗಳಲ್ಲಿ ಮೂಗೇ ಸತ್ತುಹೋಗುತ್ತದೆ. ನಾತ ಹೋಯಿತು ಅಂದುಕೊಂಡವನು ಮೇಲೆ ಬರುವುದಿಲ್ಲ. ಬೆಂಕಿಕಡ್ಡಿ ಗೀರಿ ನೋಡುವುದೂ ಸಲ್ಲದು. ಗಾಳಿಯಲ್ಲಿ ನೂರಕ್ಕೆ 5ರಷ್ಟು ಮಿಥೇನ್ ಸೇರಿದ್ದರೆ ಗುಂಡಿಯೇ ಸಿಡಿಯುತ್ತದೆ.

ಆದ್ದರಿಂದ ಯಂತ್ರ ಬೇಕು. ಆದರೆ ಯಂತ್ರವೂ ದಣಿಯುತ್ತದೆ. ಅದರೊಳಗಿನ ಸಂವೇದಕಗಳು ದಿನಕಳೆದಂತೆ ಸೊರಗುತ್ತವೆ. ಮಿಥೇನ್ ಹಿಡಿಯುವ ಮಣಿಗೆ ಸಿಲಿಕೋನ್ ತಾಗಿದರೆ ಅದು ಕುರುಡು. ಕುರುಡಾದ ಮಣಿಯೂ ಸೊನ್ನೆಯನ್ನೇ ತೋರಿಸುತ್ತದೆ, ಸೊನ್ನೆ ಕಂಡವರು ಇಳಿ ಅನ್ನುತ್ತಾರೆ. ಅದಕ್ಕೇ ತಾಳೆ ನೋಡಬೇಕು. ಮೊದಲು ಶುದ್ಧ ಗಾಳಿಯಲ್ಲಿ ನಿಲ್ಲಿಸಿ ಸೊನ್ನೆ ಹಿಡಿಯಬೇಕು. ಅಲ್ಲಿ ಆಮ್ಲಜನಕ ನೂರಕ್ಕೆ 20.9 ಎಂದು ತೋರಿಸಬೇಕು. ಆಮೇಲೆ ಪ್ರಮಾಣ ಗೊತ್ತಿರುವ ಅನಿಲದ ಸಿಲಿಂಡರಿನಿಂದ ಕುಡಿಸಬೇಕು. ಸಿಲಿಂಡರಿನ ಚೀಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ 25 ಎಂದಿದ್ದರೆ ಯಂತ್ರವೂ 25ರ ಹತ್ತಿರ ಹೇಳಬೇಕು. ಹೇಳದಿದ್ದರೆ ಸರಿಪಡಿಸಬೇಕು. ಸರಿಹೋಗದಿದ್ದರೆ ಸಂವೇದಕ ಬದಲಿಸಬೇಕು. ಅದೂ ಅಲ್ಲದೆ, ಪ್ರತಿದಿನ ಕೆಲಸಕ್ಕೆ ಮುಂಚೆ ಒಂದಿಷ್ಟು ಅನಿಲ ತಾಗಿಸಿ ಅದು ಕೂಗುತ್ತದೋ ಇಲ್ಲವೋ ನೋಡಬೇಕು.

ಗೆಳೆಯರೇ, ಒಂದು ಮಾತನ್ನು ಮರೆಯಬಾರದು. ತೆರೆದ ಗುಂಡಿಯ ಬಾಯಲ್ಲೇ ನಿಂತು ಸೊನ್ನೆ ಹಿಡಿದರೆ ಯಂತ್ರ ಆ ವಿಷವನ್ನೇ ಶುದ್ಧ ಗಾಳಿ ಎಂದು ಕಲಿಯುತ್ತದೆ. ಆಮೇಲೆ ಅದು ಹೇಳುವುದೆಲ್ಲ ಕಡಿಮೆಯೇ. ಈ ಸಮಾಜದ ಸೊನ್ನೆಯನ್ನೂ ಹಾಗೇ ಹಿಡಿದಿದ್ದಾರೆ: ಒಬ್ಬನು ಮಲದ ಗುಂಡಿಗೆ ಇಳಿಯುವುದು ಸಹಜ ಎಂಬಲ್ಲಿಂದ ಲೆಕ್ಕ ಶುರು.

1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. 2013ರ ನಿಯಮಗಳ ಪಟ್ಟಿಯಲ್ಲಿ ನಾಲ್ಕು ಅನಿಲ ಅಳೆಯುವ ಯಂತ್ರವೂ ಇದೆ. ಚರಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ಬೆಲೆಯನ್ನು ತಿದ್ದಿದ್ದಾಯಿತು. ಸಾವನ್ನು ತಡೆಯುವ ಅಳತೆಯನ್ನು ತಿದ್ದೋದು ಯಾವಾಗ?

ನಮ್ಮ ಮೊದಲ ಮಾತು, ಯಾರೂ ಇಳಿಯಬಾರದು, ಹೂಳೆತ್ತಲು ಯಂತ್ರಗಳಿವೆ. ಅಳೆಯುವ ಯಂತ್ರ ಇದೆ ಅನ್ನುವುದು ಇಳಿಸುವುದಕ್ಕೆ ನೆಪವಾಗಬಾರದು. ಡೇವಿಯ ದೀಪದ ಕಥೆ ಕಲಿಸುವುದು ಇದನ್ನೇ. ಆದರೂ ನಿಮ್ಮೂರಲ್ಲಿ ಯಾರಾದರೂ ಮುಚ್ಚಳ ಎತ್ತಿ ಇಳಿ ಎಂದರೆ, ಮೊದಲು ಯಂತ್ರ ಎಲ್ಲಿ ಅಂತ ಕೇಳಿ. ತೋರಿಸಿದರೆ, ತಾಳೆ ನೋಡಿದ ತಾರೀಖು ಯಾವುದು ಅಂತ ಕೇಳಿ. ತಾರೀಖೂ ಇದ್ದರೆ, ಸೊನ್ನೆಯನ್ನು ಎಲ್ಲಿ ನಿಂತು ಹಿಡಿದಿರಿ ಅಂತ ಕೇಳಿ.