ಕಲಾಯಿಯಿಂದ ಕ್ಯಾಥೆಟರಿನವರೆಗೆ

ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ಹಿರಿಯರಿಗೆ ಕಲಾಯಿಗಾರರ ನೆನಪು ಮಾಸಿರಲಾರದು. ಮಸಗುಪ್ಪಿಯಂಥ ಊರುಗಳಲ್ಲಿ ಗಿಡದ ನೆರಳಿನಲ್ಲಿ ಒಲೆ ಹೂಡಿ, ತಿದಿ ಒತ್ತಿ, ಕಾದ ತಾಮ್ರದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಹತ್ತಿಯಿಂದ ಒರೆಸುತ್ತಿದ್ದರು. ಕಪ್ಪಿಟ್ಟ ಪಾತ್ರೆಯ ಒಳಮೈ ಕ್ಷಣದಲ್ಲಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಈ ಕಸುಬಿನವರಲ್ಲಿ ಮುಸ್ಲಿಮರು ಬಹಳ. ತವರವನ್ನು ಸೂಚಿಸುವ 'ಕಲಈ' ಎಂಬ ಅರಬಿ ಪದವೇ ನಮ್ಮಲ್ಲಿ ಕಲಾಯಿಯಾಯಿತು. ಹುಳಿ ಪದಾರ್ಥ ತಾಮ್ರವನ್ನು ಕರಗಿಸಿ ವಿಷವಾಗದಿರಲಿ ಎಂಬುದಷ್ಟೇ ಅದರ ಉದ್ದೇಶ. ಆದರೆ ಲೋಹದ ಮೇಲೊಂದು ತೆಳುಪದರ ಬಳಿದು ಜೀವ ಕಾಯುವ ಆ ಉಪಾಯವೇ ಇಂದು ಆಸ್ಪತ್ರೆಯಲ್ಲಿ ಬೇರೆ ರೂಪದಲ್ಲಿ ಬಂದಿದೆ.

ಮೂತ್ರನಾಳದ ಕ್ಯಾಥೆಟರ್, ಉಸಿರಾಟದ ನಳಿಕೆ, ಕೃತಕ ಕೀಲು ಇವೆಲ್ಲ ರೋಗಿಯನ್ನು ಉಳಿಸಲೆಂದೇ ದೇಹದೊಳಗೆ ಹೋಗುತ್ತವೆ. ಅವುಗಳ ಮೈಗೆ ಅಂಟಿದ ಬ್ಯಾಕ್ಟೀರಿಯಾಗಳು ಲೋಳೆಯಂಥ ಪದರ ಹೆಣೆದುಕೊಂಡು ಕುಳಿತರೆ ಆ್ಯಂಟಿಬಯಾಟಿಕ್ ಕೂಡ ಒಳಗೆ ಸರಿಯಾಗಿ ನಾಟುವುದಿಲ್ಲ. ಕಾಯಿಲೆ ವಾಸಿಯಾಗಲು ಬಂದವನು ನಳಿಕೆಯಿಂದಲೇ ಹೊಸ ಕಾಯಿಲೆ ಹೊತ್ತುಕೊಳ್ಳುತ್ತಾನೆ.

1013ರಲ್ಲಿ ತೀರಿಕೊಂಡ ಕಾರ್ಡೋಬಾದ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ ಮೂವತ್ತು ಭಾಗಗಳ 'ಅತ್ತಸ್ರೀಫ್' ಗ್ರಂಥದ ಶಸ್ತ್ರಚಿಕಿತ್ಸೆಯ ಭಾಗದಲ್ಲಿ, ಹಕ್ಕಿಯ ಗರಿಯ ದಂಟಿನಂತೆ ಟೊಳ್ಳಾದ, ನಯವಾದ ಬೆಳ್ಳಿಯ ಮೂತ್ರನಳಿಕೆಯನ್ನು ವರ್ಣಿಸಿದ್ದಾರೆ. ಹಾಗೆಂದು ಅವರಿಗೆ ರೋಗಾಣುಗಳ ಗುಟ್ಟು ಗೊತ್ತಿತ್ತು ಎಂದು ಬೀಗುವುದು ಸರಿಯಲ್ಲ. ಸೂಕ್ಷ್ಮಾಣುಗಳನ್ನು ಕಣ್ಣಾರೆ ಕಂಡದ್ದೇ ಹದಿನೇಳನೆಯ ಶತಮಾನದಲ್ಲಿ. ಬೆಳ್ಳಿ ನಯವಾಗಿ ಬಾಗುತ್ತಿತ್ತು, ರೋಗಿಗೆ ನೋವು ಕಡಿಮೆಯಾಗುತ್ತಿತ್ತು. ಅವರ ಹಿರಿಮೆಗೆ ಅಷ್ಟು ಸಾಕು.

ಬೆಳ್ಳಿಯ ರೋಗಾಣುನಾಶಕ ಗುಣ ಚಿಕಿತ್ಸೆಗೆ ಸ್ಪಷ್ಟವಾಗಿ ಒದಗಿದ್ದು 1880ರ ಸುಮಾರಿಗೆ. ಜರ್ಮನಿಯ ವೈದ್ಯ ಕಾರ್ಲ್ ಕ್ರೆಡೆ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಅಸಂಖ್ಯ ಮಕ್ಕಳನ್ನು ಕುರುಡುತನದಿಂದ ಪಾರು ಮಾಡಿದರು. ಆ್ಯಂಟಿಬಯಾಟಿಕ್‌ಗಳು ಬಂದ ಮೇಲೆ ಬೆಳ್ಳಿ ಹಿಂದೆ ಸರಿಯಿತು. ಅವುಗಳಿಗೆ ರೋಗಾಣುಗಳು ಬಗ್ಗದಾದಾಗ ಮತ್ತೆ ನೆನಪಾಯಿತು, ಈ ಸಲ ನ್ಯಾನೋ ಕಣವಾಗಿ. ಒಂದು ಕೂದಲೆಳೆಯ ದಪ್ಪ ಸುಮಾರು 80,000 ನ್ಯಾನೋಮೀಟರ್. ಈ ಕಣಗಳು ನೂರಕ್ಕಿಂತ ಕಿರಿದು. ಕಿರಿದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚು, ಹೊರಬೀಳುವ ಬೆಳ್ಳಿಯ ಅಯಾನುಗಳೂ ಹೆಚ್ಚು. ಅವು ಬ್ಯಾಕ್ಟೀರಿಯಾದ ಪ್ರೋಟೀನುಗಳಿಗೆ ಅಂಟಿಕೊಂಡು ಅದರ ಉಸಿರು ಕಟ್ಟಿಸುತ್ತವೆ.

ಬೆಳ್ಳಿಲೇಪದ ದಾರಿಯೇನೂ ಸುಗಮವಾಗಿರಲಿಲ್ಲ. ಬೆಳ್ಳಿ ಲೇಪಿಸಿದ ಒಂದು ಹೃದಯ ಕವಾಟದ ಸುತ್ತ ರಕ್ತ ಸೋರತೊಡಗಿದ್ದರಿಂದ 2000ದ ಜನವರಿಯಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಬೆಳ್ಳಿಲೇಪದ ಉಸಿರುನಳಿಕೆ ನ್ಯುಮೋನಿಯಾವನ್ನು ಶೇ. 7.5ರಿಂದ 4.8ಕ್ಕೆ ಇಳಿಸಿತು, ಆದರೆ ಸಾವಿನ ಪ್ರಮಾಣ ತಗ್ಗಲಿಲ್ಲ. 2012ರ ಬ್ರಿಟನ್ನಿನ ದೊಡ್ಡ ಪರೀಕ್ಷೆಯಂತೂ ಅಲ್ಪಾವಧಿಗೆ ಹಾಕುವ ಬೆಳ್ಳಿಮಿಶ್ರಿತ ಮೂತ್ರ ಕ್ಯಾಥೆಟರಿಗೂ ಸಾದಾ ಕ್ಯಾಥೆಟರಿಗೂ ಸೋಂಕಿನಲ್ಲಿ ವ್ಯತ್ಯಾಸವೇ ಇಲ್ಲವೆಂದಿತು: ಒಂದರಲ್ಲಿ ಶೇ. 12.5, ಇನ್ನೊಂದರಲ್ಲಿ ಶೇ. 12.6. ದುಬಾರಿ ನಳಿಕೆಯ ಬಿಲ್ಲು ಕಟ್ಟಲು ಹೊಲ ಅಡವಿಡುವ ನಮ್ಮ ರೈತ ಕುಟುಂಬಗಳಿಗೆ ಈ ಅಂಕಿಗಳನ್ನು ಯಾರಾದರೂ ಹೇಳಬೇಕು. ಬೆಳ್ಳಿಗೂ ಜಗ್ಗದ ರೋಗಾಣುಗಳು 1975ರಷ್ಟು ಹಿಂದೆಯೇ ಬೋಸ್ಟನ್ನಿನ ಸುಟ್ಟಗಾಯದ ವಾರ್ಡಿನಲ್ಲಿ ಕಾಣಿಸಿಕೊಂಡಿದ್ದವು.

ಕಲಾಯಿಯಂತೆಯೇ ಲೇಪವೂ ಸವೆಯುತ್ತದೆ. ಪಾತ್ರೆಯನ್ನಾದರೆ ಮುಂದಿನ ವರ್ಷ ಮತ್ತೆ ಕಲಾಯಿಗಾರನ ಮುಂದಿಡಬಹುದಿತ್ತು, ಮೂಳೆಗೆ ಬೆಸೆದ ಕೀಲನ್ನು ಹೊರತೆಗೆಯುವಂತಿಲ್ಲ. ಬಹುಶಃ ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಾಫರ್ ಹಸನ್, ಶುಭಂ ಜೈನ್ ಮತ್ತು ಕೌಶಿಕ್ ಚಟರ್ಜಿ 2017ರಲ್ಲಿ ಪ್ರಕಟಿಸಿದ ಕೆಲಸ ಕುತೂಹಲಕರವಾಗಿ ಕಾಣುತ್ತದೆ. ಅವರು ಏನನ್ನೂ ಬಳಿಯಲಿಲ್ಲ. ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ಮೇಲಿನ ನ್ಯಾನೋ ಮುಳ್ಳುಗಳ ಮಾದರಿಯಲ್ಲಿ ಟೈಟೇನಿಯಂ ಲೋಹದ ಮೈಯನ್ನೇ ಕೊರೆದರು. ಅದರ ಮೇಲೆ ಕುಳಿತ ಬ್ಯಾಕ್ಟೀರಿಯಾ ಸತ್ತವು, ಮನುಷ್ಯನ ಕಾಂಡಕೋಶಗಳು ಬೆಳೆದವು. ಇದು ಪ್ರಯೋಗಾಲಯದ ಮಾತು. ಅಲ್ಲಿಂದ ಘಟಪ್ರಭೆಯ ದಂಡೆಯ ರೋಗಿಯ ಮೊಣಕಾಲಿಗೆ ಬರುವ ದಾರಿ ಇನ್ನೂ ಉದ್ದವಿದೆ.